ವೆನಿಸ್ ನೋಡುವುದು ಹೇಗೆ? ನೀರಿನ ಗೆರೆಯಿಂದ ಶುರು ಮಾಡಿ

ವೆನಿಸ್‌ನಲ್ಲಿ ಬೋಟ್ ಇಳಿದವರೆಲ್ಲ ಮೊದಲು ತಲೆ ಎತ್ತಿ ಗುಮ್ಮಟ, ಗೋಪುರ ನೋಡುತ್ತಾರೆ. ನೀವು ಬಗ್ಗಿ ಕೆಳಗೆ ನೋಡಿ. ಗೋಡೆ ನೀರಿಗೆ ಇಳಿಯುವ ಜಾಗ ನೋಡಿ. ಕೆಳಗೆ ಪಾಚಿ ಕಟ್ಟಿದ ಹಸಿರು ಪಟ್ಟಿ. ಅದರ ಮೇಲೆ ಬಿಳಿ ಕಲ್ಲಿನ ಕೆಲವು ವರಸೆ. ಅದರ ಮೇಲೆ ಇಟ್ಟಿಗೆ. ಈ ಮೂರು ಪಟ್ಟಿ ಯಾಕೆ ಹಾಗಿವೆ ಅಂತ ಗೊತ್ತಾದರೆ ಆ ಊರಿನ ಕಮಾನು, ಕಿಟಕಿ, ಚಿತ್ರ ಎಲ್ಲದಕ್ಕೂ ಕಾರಣ ಸಿಗುತ್ತಾ ಹೋಗುತ್ತೆ.

ನಾನು ಬೆಂಗಳೂರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಮನೆ ಬಸವನಗುಡಿ ಕಡೆ. ಅಪ್ಪ ಮೊಸಾಯಿಕ್ ನೆಲ ಹಾಕುವ ಮೇಸ್ತ್ರಿಯಾಗಿದ್ದವರು. ಜಯನಗರ, ರಾಜಾಜಿನಗರದ ಎಷ್ಟೋ ಹಳೆ ಮನೆಗಳ ನೆಲ ಅವರ ಕೈಯಲ್ಲಿ ಆದದ್ದು. ಹಾಗಾಗಿ ಯಾವ ಕಟ್ಟಡಕ್ಕೆ ಹೋದರೂ ನನ್ನ ಕಣ್ಣು ಮೊದಲು ನೆಲಕ್ಕೆ, ಆಮೇಲೆ ನೆಲದ ಕೆಳಗಿನ ಪಾಯಕ್ಕೆ ಹೋಗುತ್ತೆ. ವೆನಿಸ್‌ಗೆ ಹೋಗುವ ನೆಂಟರು, ಸ್ನೇಹಿತರು "ಏನು ನೋಡಬೇಕು?" ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕಿಂತ ಹೇಗೆ ನೋಡಬೇಕು ಅನ್ನುವುದು ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ಅದನ್ನೇ ಇಲ್ಲಿ ಬರೆದಿದ್ದೇನೆ.

ಹೊರಡುವ ಮುಂಚೆ, ಬೆಂಗಳೂರಲ್ಲೇ

ಮೂರು ಕೆಲಸ ಮಾಡಿ. ದೊಡ್ಡ ಖರ್ಚಿಲ್ಲ, ಒಂದು ಭಾನುವಾರ ಸಾಕು.

ಮೊದಲು ಯಾರದಾದರೂ ಹಳೆ ಮನೆಯ ಮೊಸಾಯಿಕ್ ನೆಲವನ್ನು ಕೂತು ನೋಡಿ. ಸಿಮೆಂಟಿನಲ್ಲಿ ಕಲ್ಲಿನ ಚಿಪ್ಸ್ ಕಲಸಿ ಹಾಸಿ, ಕಲ್ಲಿನಿಂದ ಉಜ್ಜಿ, ಆಕ್ಸಾಲಿಕ್ ಪುಡಿ ಹಾಕಿ ಪಾಲಿಶ್ ಮಾಡಿದ ನೆಲ ಅದು. ಇದರ ಮೂಲ ವೆನಿಸ್ ಸುತ್ತಲಿನ ಸೀಮೆ. ಅಲ್ಲಿ ಅದಕ್ಕೆ ಟೆರಾಟ್ಸೊ ಅಂತಾರೆ. ಅವರದ್ದು ಸುಣ್ಣ, ಇಟ್ಟಿಗೆ ಪುಡಿ, ಅಮೃತಶಿಲೆಯ ಚೂರು. ಬಡಿದು, ಉರುಳೆ ಉರುಳಿಸಿ, ಉಜ್ಜಿ, ಕೊನೆಗೆ ಅಗಸೆ ಎಣ್ಣೆ ಕುಡಿಸುತ್ತಾರೆ. ಅಲ್ಲಿನ ಮನೆಗಳಲ್ಲಿ ಈ ನೆಲ ಕೂರುವುದು ಮರದ ತೊಲೆಗಳ ಮೇಲೆ. ಕೆಳಗಿನ ಮಣ್ಣು ಕುಸಿದರೆ ಮನೆ ಸ್ವಲ್ಪ ಅಲುಗುತ್ತೆ. ಸುಣ್ಣದ ನೆಲ ಅದರ ಜೊತೆ ಬಾಗುತ್ತೆ. ಗಡುಸಾದ ಸಿಮೆಂಟಾಗಿದ್ದರೆ ಸೀಳಿ ಹೋಗುತ್ತಿತ್ತು.

ಎರಡನೆಯದು, ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆ. 1791ರಲ್ಲಿ ಮುಗಿದದ್ದು. ತೇಗದ ಕಂಬಗಳ ಮಧ್ಯೆ ಎಸಳು ಎಸಳಾದ ಕಮಾನು ಇವೆಯಲ್ಲ, ಒಂದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕಾಗೆ ಹೋಗಿ ಅಲ್ಲಿನ ಚೂಪು ಕಮಾನು ಬರೆಯಿರಿ. ವೆನಿಸ್‌ನ ಕಿಟಕಿಗಳಲ್ಲಿ ಈ ಎರಡೂ ಗುಣ ಒಟ್ಟಿಗೆ ಸಿಗುತ್ತವೆ. ಯುರೋಪಿನ ಗೋಥಿಕ್ ಕಮಾನು, ಅದರ ತುದಿ ಪೂರ್ವದೇಶಗಳ ಕಮಾನಿನಂತೆ ಒಳಬಾಗಿ ಮೇಲಕ್ಕೆ ಚಿಮ್ಮಿರುತ್ತೆ. ಅಲೆಕ್ಸಾಂಡ್ರಿಯಾ, ಕಾನ್‌ಸ್ಟಾಂಟಿನೋಪಲ್ ಜೊತೆ ವ್ಯಾಪಾರ ಮಾಡಿದ ಊರು ಅದು. ಮೆಣಸು, ರೇಷ್ಮೆ ಬಂದ ದಾರಿಯಲ್ಲೇ ಕಮಾನಿನ ಆಕಾರವೂ ಬಂತು. ಕೈಯಲ್ಲಿ ಒಮ್ಮೆ ಗೆರೆ ಎಳೆದವರಿಗೆ ಅಲ್ಲಿ ಹೋದಾಗ ವ್ಯತ್ಯಾಸ ತಟ್ಟನೆ ಕಾಣುತ್ತೆ. ಚಿತ್ರ ಚೆನ್ನಾಗಿ ಬರಬೇಕು ಅಂತೇನೂ ಇಲ್ಲ.

ಮೂರನೆಯದು, ನಿಮ್ಮ ಮನೆಯ ಸಂಪು ಮತ್ತು ಮಳೆಕೊಯ್ಲಿನ ಫಿಲ್ಟರ್. ಮುಚ್ಚಳ ತೆಗೆದು ನೀರು ಎಲ್ಲಿಂದ ಬಂದು ಎಲ್ಲಿ ಸೋಸಿ ಎಲ್ಲಿ ನಿಲ್ಲುತ್ತೆ ಅಂತ ನೋಡಿಕೊಳ್ಳಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಪಾಯ ಗೊತ್ತಾಗದೆ ಊರು ಗೊತ್ತಾಗಲ್ಲ

ವೆನಿಸ್ ನಿಂತಿರುವುದು ಸುಮಾರು 550 ಚದರ ಕಿಲೋಮೀಟರ್ ಹಿನ್ನೀರಿನ ಮಧ್ಯೆ, ನೂರಕ್ಕೂ ಹೆಚ್ಚು ಸಣ್ಣ ದಿಬ್ಬಗಳ ಮೇಲೆ. ಕೆಳಗೆ ಬಂಡೆ ಇಲ್ಲ. ಲಾಲ್‌ಬಾಗ್ ಬಂಡೆಯ ಮೇಲೆ ಬೆಳೆದ ನಮಗೆ ಇದನ್ನು ಊಹಿಸಿಕೊಳ್ಳುವುದೇ ಕಷ್ಟ. ಆದರೆ ನಮ್ಮಲ್ಲೂ ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಇದೆ. ಕೆರೆ ಅಂಗಳದ ಸೈಟಲ್ಲಿ ಮನೆ ಕಟ್ಟಿದವರಿಗೆ ಲೋಳೆ ಮಣ್ಣಿನ ಕಷ್ಟ ಗೊತ್ತು.

ವೆನಿಸ್‌ನವರು ಮರದ ಗೂಟಗಳನ್ನು ಒತ್ತೊತ್ತಾಗಿ ಮಣ್ಣಿಗೆ ಹೊಡೆದರು. ಓಕ್, ಲಾರ್ಚ್, ಎಲ್ಮ್, ಆಲ್ಡರ್ ಮರ. ಸಾಮಾನ್ಯ ಮನೆಗಳ ಗೂಟ ಜಾಸ್ತಿ ಉದ್ದವೂ ಇರುವುದಿಲ್ಲ, ಎರಡು ಮೂರು ಮೀಟರ್ ಅಷ್ಟೇ. ಕೆಲವು ಕೆಳಗಿನ ಗಟ್ಟಿ ಜೇಡಿ ಪದರ ಮುಟ್ಟುತ್ತವೆ. ಬಹಳಷ್ಟು ಗೂಟಗಳು ಸುತ್ತಲಿನ ಮಣ್ಣನ್ನು ಬಿಗಿ ಮಾಡಿ, ಅದರ ಹಿಡಿತದಲ್ಲೇ ನಿಲ್ಲುತ್ತವೆ. ಕೆಸರಿನೊಳಗೆ ಆಮ್ಲಜನಕ ಇಲ್ಲ. ಅದಕ್ಕೇ ಮರ ಕೊಳೆಯುವುದು ತುಂಬಾ ತುಂಬಾ ನಿಧಾನ. ಗೂಟಗಳ ಮೇಲೆ ಹಲಗೆ, ಹಲಗೆಯ ಮೇಲೆ ಇಸ್ಟ್ರಿಯಾದಿಂದ, ಅಂದರೆ ಹೆಚ್ಚಾಗಿ ಇವತ್ತಿನ ಕ್ರೊಯೇಶಿಯಾದಿಂದ, ತಂದ ಬಿಳಿ ಸುಣ್ಣಕಲ್ಲು. ಈ ಕಲ್ಲು ನೀರು ಕುಡಿಯುವುದು ಬಹಳ ಕಡಿಮೆ. ನಮ್ಮ ಸೈಟುಗಳಲ್ಲಿ ತೇವ ಗೋಡೆಗೆ ಏರದ ಹಾಗೆ ಪಾಯದ ಮೇಲೆ ಡಿಪಿಸಿ ಅನ್ನುವ ಪದರ ಹಾಕುತ್ತೇವಲ್ಲ, ಅದೇ ಕೆಲಸ ಇದರದ್ದು. ಅದರ ಮೇಲೆ ಮಾತ್ರ ಇಟ್ಟಿಗೆ.

ಈಗ ಆ ಮೂರು ಪಟ್ಟಿಗೆ ವಾಪಸ್ ಬನ್ನಿ. ಸಮುದ್ರದ ಮಟ್ಟ ಏರಿದೆ, ನೆಲ ಕೊಂಚ ಕುಸಿದಿದೆ. ಬಹಳ ಕಡೆ ನೀರು ಬಿಳಿ ಕಲ್ಲನ್ನು ದಾಟಿ ಇಟ್ಟಿಗೆ ಮುಟ್ಟುತ್ತಿದೆ. ಇಟ್ಟಿಗೆ ಉಪ್ಪುನೀರನ್ನು ಮೇಲಕ್ಕೆ ಹೀರುತ್ತೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಒಡೆಯುತ್ತೆ. ಯಾವುದಾದರೂ ಸಣ್ಣ ಕಾಲುವೆ ಪಕ್ಕ ನಿಂತು ಗೋಡೆಯ ಮೇಲೆ ಬೆರಳಾಡಿಸಿ. ಪುಡಿ ಕೈಗೆ ಬರುತ್ತೆ. ಆ ಊರಿನ ಬಗ್ಗೆ ನನಗೆ ನಿಜವಾಗಿ ಸಂಕಟ ಆಗುವುದು ಅಲ್ಲಿ.

ಪಾಯ ಇಷ್ಟು ನಾಜೂಕಾಗಿದ್ದರೆ ಮೇಲೆ ಭಾರ ಹಾಕುವಂತಿಲ್ಲ, ಅಲ್ವಾ? ಅದಕ್ಕೇ ತೆಳು ಗೋಡೆ, ಮರದ ತೊಲೆ, ದೊಡ್ಡ ದೊಡ್ಡ ಕಿಟಕಿ. ಕಿಟಕಿ ಅಂದರೆ ಗೋಡೆ ಇಲ್ಲದ ಜಾಗ, ಅಷ್ಟು ಭಾರ ಉಳಿತಾಯ. ನಾವು ಕಲೆ ಅಂತ ಫೋಟೋ ತೆಗೆಯುವ ಜಾಲರಿ ಕೆಲಸಕ್ಕೆ ಹೀಗೊಂದು ಲೆಕ್ಕವೂ ಇದೆ.

ಒಂದನೇ ನಂಬರ್ ಬೋಟ್

ವಪೊರೆಟ್ಟೊ ಅನ್ನುವುದು ಅಲ್ಲಿನ ಬಸ್ಸು. ಒಂದನೇ ನಂಬರಿನದ್ದು ಗ್ರ್ಯಾಂಡ್ ಕೆನಾಲ್‌ನಲ್ಲಿ ಎಲ್ಲ ಕಡೆ ನಿಲ್ಲಿಸಿಕೊಂಡು ಹೋಗುತ್ತೆ. ನಿಧಾನ, ನಮಗೆ ಬೇಕಾದ್ದೂ ಅದೇ. ಬೆಳಿಗ್ಗೆ ಬೇಗ ಹತ್ತಿ, ಹೊರಗಡೆ ಸೀಟು ಹಿಡಿಯಿರಿ. ಕಾಲುವೆ ನಾಲ್ಕು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ.

ದಡದ ಮನೆಗಳನ್ನು ಓದುವುದಕ್ಕೆ ಒಂದು ಸುಲಭ ಸೂತ್ರ ಇದೆ. ಮುಂಭಾಗದಲ್ಲಿ ಕಿಟಕಿಗಳು ಎಲ್ಲಿ ಗುಂಪಾಗಿವೆ ನೋಡಿ. ಸಾಮಾನ್ಯವಾಗಿ ನಟ್ಟನಡುವೆ ಇರುತ್ತವೆ. ಅದರ ಹಿಂದೆ ಮನೆಯ ಈ ತುದಿಯಿಂದ ಆ ತುದಿಗೆ ಹೋಗುವ ಉದ್ದನೆ ಹಜಾರ ಇದೆ. ಎರಡೂ ಪಕ್ಕದ ಬಿಡಿ ಕಿಟಕಿಗಳು ಕೋಣೆಗಳವು. ಕೆಳಗೆ ನೀರಿಗೆ ತೆರೆದ ಬಾಗಿಲು ಸರಕು ಇಳಿಸುವುದಕ್ಕೆ. ಮಾಲು ಕೆಳಗೆ, ಸಂಸಾರ ಮೇಲೆ. ನಮ್ಮ ಚಿಕ್ಕಪೇಟೆ, ಅವೆನ್ಯೂ ರೋಡ್ ಹಳೆ ಅಂಗಡಿ ಮನೆಗಳೂ ಹೀಗೇ ಇದ್ದವು. ಒಳಗೆ ಕಾಲಿಡದೆ ಮನೆಯ ಪ್ಲಾನ್ ಹೇಳಬಹುದು. ಎರಡು ಮೂರು ಮನೆ ನೋಡುವಷ್ಟರಲ್ಲಿ ಅಭ್ಯಾಸ ಆಗುತ್ತೆ.

ಕಮಾನು ನೋಡಿ ಕಾಲ ಹೇಳುವುದನ್ನೂ ಕಲಿಯಿರಿ. ಅರ್ಧ ವೃತ್ತದ, ಕೆಳಗೆ ಉದ್ದ ಕಾಲಿರುವ ಕಮಾನು ಇದ್ದರೆ ಬೈಜಾಂಟಿಯನ್ ಕಾಲದ್ದು, ಅತಿ ಹಳೆಯದು. ತುದಿ ಚಿಮ್ಮಿದ ಕಮಾನು, ಮೇಲೆ ಹೂವಿನಂತೆ ಕೊರೆದ ತೂತು ಇದ್ದರೆ ಗೋಥಿಕ್, ಹದಿನಾಲ್ಕು ಹದಿನೈದನೇ ಶತಮಾನ. ಮತ್ತೆ ಅರ್ಧ ವೃತ್ತ, ಆದರೆ ಅಕ್ಕಪಕ್ಕ ರೋಮನ್ ಮಾದರಿ ಕಂಬ ಇದ್ದರೆ ರಿನೈಸಾನ್ಸ್. ಗೋಡೆ ತುಂಬ ಶಿಲ್ಪ, ಆಳವಾದ ನೆರಳು ಇದ್ದರೆ ಬರೋಕ್.

ಕಾ ದೋರೊ ಸ್ಟಾಪಿನಲ್ಲಿ ಇಳಿಯಲೇಬೇಕು. 1420, 30ರ ದಶಕದಲ್ಲಿ ಮರಿನ್ ಕೊಂಟರಿನಿ ಕಟ್ಟಿಸಿದ ಮನೆ. ಕಾಲುವೆ ಕಡೆಯ ಮುಖಕ್ಕೆ ಆಗ ಚಿನ್ನದ ರೇಕು, ನೀಲಿ, ಕೆಂಪು ಬಳಿದಿದ್ದರು. ಈಗ ಬಣ್ಣ ಇಲ್ಲ, ಕಲ್ಲಿನ ಜಾಲರಿ ಇದೆ. ಆದರೆ ನಾನು ಕಳಿಸುವುದು ಒಳಗಿನ ಕೆಳಮಹಡಿಗೆ. ಈ ಮನೆಯನ್ನು ಕೊಂಡು, ರಿಪೇರಿ ಮಾಡಿಸಿ, 1916ರಲ್ಲಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಜಾರ್ಜೊ ಫ್ರಾಂಕೆಟ್ಟಿ ಅನ್ನುವ ಶ್ರೀಮಂತ ಅಲ್ಲಿನ ಅಮೃತಶಿಲೆ ನೆಲಕ್ಕೆ ತಾನೇ ಮಂಡಿಯೂರಿ ಕಲ್ಲು ಜೋಡಿಸಿದ. ಅವನ ಚಿತಾಭಸ್ಮವೂ ಅಲ್ಲೇ ಇದೆ. ನಾನು ಆ ನೆಲದ ಫೋಟೋ ಅಪ್ಪನಿಗೆ ಕಳಿಸಿದೆ. ಫೋನ್ ಮಾಡಿ, "ಸಂದು ನೋಡಮ್ಮ, ಎಲ್ಲ ಒಂದೇ ಅಗಲ ಬಂದಿದೆ. ಕಲ್ಲು ಒಂದೊಂದನ್ನೂ ಕೂರಿಸಿ ನೋಡಿ, ಮತ್ತೆ ತೆಗೆದು ತಿದ್ದಿ ಕೂರಿಸಿದ್ದಾರೆ" ಅಂದರು. "ಅವರು ಮೇಸ್ತ್ರಿ ಅಲ್ಲ ಅಪ್ಪಾ, ಮನೆ ಯಜಮಾನರು" ಅಂದೆ. "ಹಾಗಾದ್ರೆ ಪ್ರೀತಿಯಿಂದ ಮಾಡಿದ್ದಾರೆ ಕಣಮ್ಮ" ಅಂದರು.

ರಿಯಾಲ್ಟೊ ಸೇತುವೆ ಬಂದಾಗ ಅದರ ಅಂಗಡಿಗಳನ್ನು ಬಿಟ್ಟು ಎರಡು ದಡ ನೋಡಿ. 1588ರಿಂದ 1591ರವರೆಗೆ ಆಂಟೋನಿಯೊ ದ ಪೊಂಟೆ ಕಟ್ಟಿದ್ದು. ಸುಮಾರು 28 ಮೀಟರ್ ಅಗಲಕ್ಕೆ ಒಂದೇ ಕಲ್ಲಿನ ಕಮಾನು. ಕಮಾನು ದಡವನ್ನು ಹೊರಗೆ ತಳ್ಳುತ್ತೆ. ಲೋಳೆ ಮಣ್ಣಿನಲ್ಲಿ ಆ ತಳ್ಳಾಟ ತಡೆಯುವುದಕ್ಕೆ ಎರಡೂ ಕಡೆ ಸೇರಿ ಸುಮಾರು 12,000 ಗೂಟ ಹೊಡೆದಿದ್ದಾರೆ. ಮೇಲೆ ನಿಂತು ಸೆಲ್ಫಿ ತೆಗೆಯುವವರ ಕಾಲ ಕೆಳಗೆ ಇಷ್ಟು ಕೆಲಸ ಇದೆ.

ಚೌಕದ ಮಧ್ಯದ ಬಾವಿ

ಇದನ್ನು ಯಾವ ಟೂರ್ ಗ್ರೂಪೂ ನಿಂತು ತೋರಿಸುವುದಿಲ್ಲ. ನನಗೆ ಇಡೀ ವೆನಿಸ್‌ನಲ್ಲಿ ಅತಿ ಇಷ್ಟವಾದ ವಿನ್ಯಾಸ ಇದೇ. ಸುತ್ತ ನೀರು, ಕುಡಿಯುವುದಕ್ಕೆ ಒಂದು ಹನಿ ಇಲ್ಲ. ಅವರು ಮಾಡಿದ್ದು ಮಳೆಕೊಯ್ಲು.

ಯಾವುದೇ ಕಾಂಪೊಗೆ ಹೋಗಿ. ಕಾಂಪೊ ಅಂದರೆ ಮನೆಗಳ ನಡುವಿನ ಚೌಕ. ಮಧ್ಯೆ ಕೆತ್ತನೆ ಮಾಡಿದ ಕಲ್ಲಿನ ಬಾವಿಕಟ್ಟೆ ಇರುತ್ತೆ, ಬಾಯಿಗೆ ಮುಚ್ಚಳ ಹಾಕಿರುತ್ತಾರೆ. ಅದರಿಂದ ಕೆಲವು ಹೆಜ್ಜೆ ದೂರದಲ್ಲಿ, ನೆಲದಲ್ಲಿ ತೂತಿರುವ ಬಿಳಿ ಕಲ್ಲು ಹುಡುಕಿ. ಹೆಚ್ಚಾಗಿ ನಾಲ್ಕು ಇರುತ್ತವೆ. ಚೌಕದ ಹಾಸುಗಲ್ಲುಗಳು ಈ ತೂತುಗಳ ಕಡೆಗೆ ಇಳಿಜಾರು. ಚೌಕದ ಕೆಳಗೆ ದೊಡ್ಡ ಗುಂಡಿ. ಉಪ್ಪುನೀರು ನುಗ್ಗದ ಹಾಗೆ ಅದರ ಒಳಮೈಗೆ ಜೇಡಿಮಣ್ಣು ಮೆತ್ತಿ, ಒಳಗೆಲ್ಲ ಮರಳು ತುಂಬಿದ್ದಾರೆ. ನಟ್ಟನಡುವೆ ಇಟ್ಟಿಗೆಯ ಕೊಳವೆ. ಮಳೆ ನೀರು ತೂತಿನಿಂದ ಇಳಿದು, ಮರಳಲ್ಲಿ ಸೋಸಿ, ಕೊಳವೆಯ ತಳಕ್ಕೆ ಸೇರುತ್ತೆ. ಮೇಲಿಂದ ಬಿಂದಿಗೆ ಬಿಟ್ಟು ಸೇದುವುದು. 1884ರಲ್ಲಿ ಪೈಪ್ ನೀರು ಬರುವ ತನಕ ಊರು ಬಹುಪಾಲು ಇದನ್ನೇ ನಂಬಿ ಬದುಕಿತು. ನಿಮ್ಮ ಮನೆಯ ಫಿಲ್ಟರ್ ನೋಡಿಕೊಂಡು ಹೋಗಿ ಅಂದದ್ದು ಇದಕ್ಕೇ. ತೂತಿನ ಕಲ್ಲು ಕಂಡ ತಕ್ಷಣ ಉಳಿದದ್ದು ನಿಮಗೇ ಹೊಳೆಯುತ್ತೆ.

ಕಟ್ಟೆಯ ಒಳ ಅಂಚನ್ನೂ ಮುಟ್ಟಿ ನೋಡಿ. ಹಗ್ಗ ಉಜ್ಜಿ ಉಜ್ಜಿ ಆದ ಗೀರುಗಳು ಬೆರಳಿಗೆ ಸಿಗುತ್ತವೆ.

ಸ್ಯಾನ್ ಮಾರ್ಕೊ

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರೋಡಿಗೆ ಯಾವ ಸಂತನ ಹೆಸರೋ ಅದೇ ಸಂತನ ಚರ್ಚು ಇದು. ಈಗಿನ ಕಟ್ಟಡ ಶುರುವಾದದ್ದು 1063ರಲ್ಲಿ. ಐದು ಗುಮ್ಮಟ. ಹೊರಗೆ ಕಾಣುವ ಎತ್ತರದ ಗುಮ್ಮಟಗಳು ಮರದವು, ಮೇಲೆ ಸೀಸದ ತಗಡು. ನಿಜವಾದ ಇಟ್ಟಿಗೆ ಗುಮ್ಮಟ ಒಳಗೆ, ತಗ್ಗಿನಲ್ಲಿದೆ. ಎತ್ತರ ಬೇಕು, ಭಾರ ಬೇಡ.

ಹೆಗಲು, ಮಂಡಿ ಮುಚ್ಚುವ ಬಟ್ಟೆ ಹಾಕಿ. ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ. ಟಿಕೆಟ್ ಮೊದಲೇ ಮಾಡಿಸಿ, ಬೆಳಗಿನ ಮೊದಲ ಹೊತ್ತಿನದ್ದು. ಒಳಗೆ ಹೋದ ಕೂಡಲೇ ನೆಲ ನೋಡಿ. ಬಣ್ಣದ ಕಲ್ಲಿನ ನೆಲ ಅಲೆ ಅಲೆಯಾಗಿದೆ. ಕೆಳಗಿನ ಮಣ್ಣು ಒಂದೊಂದು ಕಡೆ ಒಂದೊಂದು ಥರ ಕುಸಿದದ್ದರ ಗುರುತು ಅದು.

ಆಮೇಲೆ ಮೇಲೆ ನೋಡಿ. ಎಂಟು ಸಾವಿರ ಚದರ ಮೀಟರಿನಷ್ಟು ಮೊಸಾಯಿಕ್. ಇದು ನಮ್ಮ ನೆಲದ ಮೊಸಾಯಿಕ್ ಅಲ್ಲ, ಚೂರು ಜೋಡಿಸಿ ಮಾಡಿದ ಚಿತ್ರ. ಗಾಜಿನ ಎರಡು ಪದರದ ಮಧ್ಯೆ ಚಿನ್ನದ ರೇಕು ಇಟ್ಟು, ಕತ್ತರಿಸಿದ ಸಣ್ಣ ಸಣ್ಣ ಚೂರುಗಳು. ಅವನ್ನು ಸಪಾಟಾಗಿ ಒತ್ತಿಲ್ಲ. ಒಂದೊಂದನ್ನೂ ಒಂದೊಂದು ಓರೆಯಲ್ಲಿ ಕೂರಿಸಿದ್ದಾರೆ. ನಿಂತಲ್ಲೇ ನಿಂತರೆ ಚಿನ್ನ ಮಂಕು. ಎರಡು ಹೆಜ್ಜೆ ಎಡಕ್ಕೆ ಹೋಗಿ, ಮಂಕಾಗಿದ್ದ ಜಾಗ ಹೊತ್ತಿಕೊಳ್ಳುತ್ತೆ, ಹೊಳೆಯುತ್ತಿದ್ದ ಜಾಗ ಆರುತ್ತೆ. ಹಾಗಾಗಿ ಅಲ್ಲಿ ನಿಲ್ಲಬೇಡಿ, ನಿಧಾನಕ್ಕೆ ನಡೆಯುತ್ತಾ ನೋಡಿ. ಮಹಡಿ ಹತ್ತಿದರೆ ಮೊಸಾಯಿಕ್ ಹತ್ತಿರದಿಂದ ಸಿಗುತ್ತೆ. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿಯಾದಾಗ ತಂದ ನಾಲ್ಕು ಲೋಹದ ಕುದುರೆಗಳೂ ಅಲ್ಲೇ ಒಳಗಿವೆ. ಹೊರಗಿನವು ನಕಲು. ಪಕ್ಕದ ಎತ್ತರದ ಗಂಟೆಗೋಪುರ 1902ರಲ್ಲಿ ಪೂರ್ತಿ ಕುಸಿದು ಬಿದ್ದಿತ್ತು. ಈಗಿನದ್ದು 1912ರಲ್ಲಿ, ಹಿಂದೆ ಹೇಗಿತ್ತೋ ಹಾಗೇ ಕಟ್ಟಿದ್ದು.

ಪಕ್ಕದ್ದು ಡೋಜ್, ಅಂದರೆ ಹಿಂದೆ ವೆನಿಸ್‌ನ ಮುಖ್ಯಸ್ಥನಾಗಿದ್ದವನ ಅರಮನೆ. ಅದರಲ್ಲಿ ಒಂದು ವಿಚಿತ್ರ ಇದೆ. ಭಾರವಾದ ಗೋಡೆ ಮೇಲೆ, ಹಗುರವಾದ ಕಮಾನುಸಾಲು ಕೆಳಗೆ. ಆದರೂ ಕಣ್ಣಿಗೆ ತೂಕ ಅನ್ನಿಸುವುದಿಲ್ಲ. ಮೇಲಿನ ಗೋಡೆಗೆ ಬಿಳಿ, ಗುಲಾಬಿ ಕಲ್ಲನ್ನು ನೇಯ್ಗೆಯ ಹಾಗೆ ಜೋಡಿಸಿರುವುದು ಅದಕ್ಕೆ ಕಾರಣ. ಕೆಳಗಿನ ಕಂಬಗಳು ಕುಳ್ಳಗೆ ಕಾಣುತ್ತವೆ, ಯಾಕೆಂದರೆ ಚೌಕದ ನೆಲವನ್ನು ಏರಿಸುತ್ತಾ ಹೋಗಿ ಬುಡ ಮುಚ್ಚಿದೆ. ಚಿಕ್ಕ ಚೌಕದ ಕಡೆಯ ಕಂಬಗಳ ಬೋದಿಗೆಗಳನ್ನು, ಅಂದರೆ ಕಂಬದ ತಲೆಯ ಕೆತ್ತನೆ ಕಲ್ಲುಗಳನ್ನು, ಒಂದೊಂದಾಗಿ ಸುತ್ತು ಹಾಕಿ. ಒಂದರಲ್ಲಿ ಎಂಟು ಮುಖದಲ್ಲಿ ಒಂದು ಸಂಸಾರದ ಕಥೆ ಇದೆ. ಹುಡುಗ ಹುಡುಗಿ ಭೇಟಿ, ಮದುವೆ, ಮಗು, ಕೊನೆಗೆ ಆ ಮಗುವಿನ ಸಾವು. ಟಿಕೆಟ್ ಬೇಡ, ಕತ್ತು ಎತ್ತಿದರೆ ಸಾಕು. ಅದನ್ನು ಕೆತ್ತಿದವರ ಹೆಸರೂ ಕಂಬದ ಮೇಲಿಲ್ಲ. ನನಗಂತೂ ಒಳಗಿನ ಚಿನ್ನದ ಚಾವಣಿಗಳಿಗಿಂತ ಅದು ದೊಡ್ಡದು.

ಒಳಗೆ ಹೋದರೆ ಮಹಾಸಭೆಯ ಹಜಾರಕ್ಕೆ ಸಮಯ ಇಡಿ. 53 ಮೀಟರ್ ಉದ್ದ, 25 ಮೀಟರ್ ಅಗಲ, ಮಧ್ಯೆ ಒಂದೂ ಕಂಬ ಇಲ್ಲ. ಎದುರು ಗೋಡೆ ತುಂಬ ಟಿಂಟೊರೆಟ್ಟೊನ ಸ್ವರ್ಗದ ಚಿತ್ರ. 'ಇಟಿನೆರಾರಿ ಸೆಗ್ರೆಟಿ' ಅನ್ನುವ ಬೇರೆ ಟಿಕೆಟ್ ತಗೊಂಡರೆ ಚಾವಣಿಯ ಮೇಲಿನ ಮರದ ಟ್ರಸ್‌ಗಳನ್ನೂ, ಅಂದರೆ ಸೂರು ಹೊರುವ ತೊಲೆ ಚೌಕಟ್ಟುಗಳನ್ನೂ, ತೋರಿಸುತ್ತಾರೆ. ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ಅರಮನೆಯ ಎದುರಿನ ಲೈಬ್ರರಿ ವಾಸ್ತುಶಿಲ್ಪಿ ಯಾಕೊಪೊ ಸಾನ್ಸೊವಿನೊ 1537ರಲ್ಲಿ ಶುರು ಮಾಡಿದ್ದು. 1545ರ ಡಿಸೆಂಬರ್‌ನಲ್ಲಿ ಒಂದು ಕಲ್ಲುಗಾರೆ ಚಾವಣಿ ಕುಸಿಯಿತು, ಅವನನ್ನು ಜೈಲಿಗೆ ಹಾಕಿದರು. ಚಿತ್ರಕಾರ ಟಿಶಿಯನ್‌ನಂಥ ಸ್ನೇಹಿತರು ಹೇಳಿ ಬಿಡಿಸಿದರು. ನಷ್ಟ ಅವನೇ ತುಂಬಬೇಕಾಯಿತು. ಡ್ರಾಯಿಂಗ್ ಮೇಲೆ ಸಹಿ ಹಾಕುವ ನನಗೆ ಆ ಕಟ್ಟಡದ ಮುಂದೆ ನಿಂತಾಗ ಅವನ ಆ ರಾತ್ರಿ ನೆನಪಾಗದೆ ಇರುವುದಿಲ್ಲ.

ಚಿತ್ರಗಳಿಗೆ ಮೂರು ಜಾಗ ಸಾಕು

ಗೋಡೆಯ ತೇವ, ಉಪ್ಪುಗಾಳಿಗೆ ಭಿತ್ತಿಚಿತ್ರ ಅಲ್ಲಿ ಉಳಿಯುವುದಿಲ್ಲ. ಅದಕ್ಕೇ ವೆನಿಸ್‌ನವರು ಕ್ಯಾನ್ವಾಸ್ ಹಿಡಿದರು. ಹಾಯಿಬಟ್ಟೆಗೆ ಹಡಗಿನ ಊರಲ್ಲಿ ಬರ ಇರಲಿಲ್ಲ.

ಮೊದಲು ಸ್ಯಾನ್ ರೊಕ್ಕೊ. 1564ರಿಂದ ಎರಡು ದಶಕಕ್ಕೂ ಹೆಚ್ಚು ಟಿಂಟೊರೆಟ್ಟೊ ಈ ಸಂಘದ ಕಟ್ಟಡಕ್ಕೆ ಬರೆದ. ಸ್ಪರ್ಧೆಗೆ ಉಳಿದ ಕಲಾವಿದರು ಸ್ಕೆಚ್ ತಂದರೆ ಇವನು ಮುಗಿಸಿದ ಚಿತ್ರವನ್ನೇ ಚಾವಣಿಗೆ ಹಾಕಿಸಿಬಿಟ್ಟ. ಚಾವಣಿ ನೋಡುವುದಕ್ಕೆ ಅಲ್ಲಿ ಕನ್ನಡಿ ಇಟ್ಟಿರುತ್ತಾರೆ, ಕೈಗೆ ತಗೊಳ್ಳಿ. ಪಕ್ಕದ ಕೋಣೆಯಲ್ಲಿ 12 ಮೀಟರ್ ಅಗಲದ ಶಿಲುಬೆಯ ಚಿತ್ರ ಇದೆ. ಮೊದಲು ಯೇಸುವನ್ನು ನೋಡಬೇಡಿ. ಹಗ್ಗ ಎಳೆಯುವವರು, ಗುಂಡಿ ತೋಡುವವರು, ಏಣಿ ಹಿಡಿದವರು, ಇವರನ್ನು ನೋಡಿ. ಮೈ ಬಗ್ಗಿಸಿ ಕೆಲಸ ಮಾಡುವವರನ್ನು ಅವನು ಚೆನ್ನಾಗಿ ನೋಡಿ ಬಲ್ಲ.

ಎದುರಿಗೇ ಫ್ರಾರಿ ಚರ್ಚು. ಕಂಬದಿಂದ ಕಂಬಕ್ಕೆ ಮರದ ತೊಲೆ ಕಟ್ಟಿದ್ದಾರೆ, ಮಣ್ಣು ಅಲುಗಿದರೆ ಕಂಬಗಳು ಬೇರೆ ಬೇರೆ ವಾಲಬಾರದು ಅಂತ. ಬಾಗಿಲಲ್ಲೇ ನಿಂತು ನೋಡಿದರೆ ದೂರದ ಕಮಾನಿನ ಒಳಗೆ ಟಿಶಿಯನ್‌ನ ಮೇರಿ ಕಾಣುತ್ತಾಳೆ. 1518ರದ್ದು, ಸುಮಾರು ಏಳು ಮೀಟರ್ ಎತ್ತರ, ಇದು ಮಾತ್ರ ಹಲಗೆಯ ಮೇಲೆ. ಹಿಂದಿನ ಎತ್ತರದ ಕಿಟಕಿಗಳ ಬೆಳಕು ಕಣ್ಣಿಗೆ ಹೊಡೆಯುತ್ತೆ. ಆ ಬೆಳಕನ್ನು ಎದುರಿಸಿ ನಿಲ್ಲುವಷ್ಟು ಗಟ್ಟಿ ಕೆಂಪು ಹಾಕಿದ್ದಾನೆ.

ಮೂರನೆಯದು ಸ್ಯಾನ್ ಜಕ್ಕಾರಿಯಾ. ಜೊವಾನ್ನಿ ಬೆಲ್ಲಿನಿ 1505ರಲ್ಲಿ ಬರೆದ ಮೇರಿ ಮತ್ತು ಸಂತರು. ದೀಪಕ್ಕೆ ನಾಣ್ಯ ಹಾಕಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಚೌಕಟ್ಟಿನ ಕಲ್ಲಿನ ಕಂಬ ಎಲ್ಲಿ ಮುಗಿದು ಬರೆದ ಕಂಬ ಎಲ್ಲಿ ಶುರುವಾಗುತ್ತೆ ಅಂತ ಹುಡುಕಿ. ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಕಂಬಗಳ ಸುತ್ತ ನೀರು ನಿಂತಿರುತ್ತೆ.

ಅಕಾಡೆಮಿಯಾ ಗ್ಯಾಲರಿಗೆ ಸಮಯ ಸಿಕ್ಕರೆ ಕಾರ್ಪಾಚಿಯೊ ಬರೆದ ಹಳೆ ರಿಯಾಲ್ಟೊ ಚಿತ್ರ ಬಿಡಬೇಡಿ. ಆಗ ಅದು ಮರದ ಸೇತುವೆ. ಸುತ್ತಲಿನ ಮನೆಗಳ ಮೇಲೆ ತಲೆಕೆಳಗಾದ ಗಂಟೆಯಂಥ ಚಿಮಣಿಗಳು, ಕಿಡಿ ಹಾರದಿರಲಿ ಅಂತ ಆ ಆಕಾರ. ಅವು ಈಗಲೂ ಊರಲ್ಲಿ ಇವೆ.

ಕೊನೆಗೆ ಕೆಲವು ಬಳಕೆಯ ಮಾತು

ಅಕ್ಟೋಬರ್‌ನಿಂದ ಜನವರಿವರೆಗೆ ಉಬ್ಬರ ಜಾಸ್ತಿ. 1966ರ ನವೆಂಬರ್ 4ರಂದು ನೀರು ಅಲ್ಲಿನ ಅಳತೆಗುರುತಿನಿಂದ 194 ಸೆಂಟಿಮೀಟರ್ ಏರಿತ್ತು, 2019ರ ನವೆಂಬರ್‌ನಲ್ಲಿ 187. 2020ರಿಂದ ಮೋಸೆ ಅನ್ನುವ 78 ಗೇಟುಗಳು ಸಮುದ್ರ ಹಿನ್ನೀರಿಗೆ ಸೇರುವ ಮೂರು ಬಾಯಿಗಳನ್ನು ಮುಚ್ಚುತ್ತವೆ. ದೊಡ್ಡ ಉಬ್ಬರಕ್ಕೆ ಮಾತ್ರ ಅವನ್ನು ಎತ್ತುತ್ತಾರೆ. ಸಣ್ಣದಕ್ಕೂ ಸ್ಯಾನ್ ಮಾರ್ಕೊ ಚೌಕ ಒದ್ದೆಯಾಗಬಹುದು, ತಗ್ಗು ಜಾಗ ಅದು. ಒಂದು ಜೊತೆ ಚಪ್ಪಲಿ ಬ್ಯಾಗಲ್ಲಿರಲಿ. ಸಣ್ಣ ಬೈನಾಕ್ಯುಲರ್ ಇದ್ದರೆ ಬೋದಿಗೆ, ಮೊಸಾಯಿಕ್ ಎರಡಕ್ಕೂ ಆಗುತ್ತೆ.

ಪ್ಲೇಗು ಹೋದ ಹರಕೆಗೆ ಕಟ್ಟಿದ ಎರಡು ಚರ್ಚುಗಳು, ಪಲ್ಲಾಡಿಯೊನ ರೆಡೆಂಟೊರೆ ಮತ್ತು ಲೊಂಗೇನಾನ ಸಲೂಟೆ, ಬೋಟಿನಿಂದಲೇ ಚೆನ್ನಾಗಿ ಕಾಣುತ್ತವೆ. ಹೊಸ ಕಾಲದ್ದು ಒಂದು ನೋಡಬೇಕು ಅಂದರೆ ಕ್ವೆರಿನಿ ಸ್ಟಂಪಾಲಿಯಾ. 1960ರ ದಶಕದ ಮೊದಲಲ್ಲಿ ಕಾರ್ಲೊ ಸ್ಕಾರ್ಪಾ ಅದರ ಕೆಳಮಹಡಿಯನ್ನು ತಿದ್ದಿದ. ಉಬ್ಬರದ ನೀರನ್ನು ತಡೆಯಲಿಲ್ಲ. ಬಾಗಿಲಿಂದ ಒಳಗೆ ಬಂದು ಹರಿಯುವುದಕ್ಕೆ ಕಾಲುವೆ ಮಾಡಿಕೊಟ್ಟು, ಓಡಾಡುವ ನೆಲವನ್ನು ಎತ್ತರಿಸಿದ.

ಒಂದು ದಿನ ಜಾಸ್ತಿ ಇದ್ದರೆ ಟೊರ್ಚೆಲ್ಲೊ ದ್ವೀಪಕ್ಕೆ ಹೋಗಿ. ವೆನಿಸ್‌ಗಿಂತ ಮೊದಲು ಜನ ನೆಲೆಸಿದ ಜಾಗ, ಚರ್ಚಿನ ಸ್ಥಾಪನೆ 639ರದ್ದು. ಹಿಂದಿನ ಗೋಡೆಯ ಮೇಲೆ ಕೊನೆಯ ತೀರ್ಪಿನ ದೊಡ್ಡ ಮೊಸಾಯಿಕ್ ಇದೆ. ಫೊಂಡಾಮೆಂಟೆ ನೋವೆಯಿಂದ ಬುರಾನೊಗೆ ಬೋಟ್ ಹಿಡಿದು, ಅಲ್ಲಿಂದ ಟೊರ್ಚೆಲ್ಲೊ ಬೋಟ್. ವಾಪಸ್ ಬೋಟಿನ ಹೊತ್ತನ್ನು ಇಳಿದ ಕೂಡಲೇ ಫಲಕದಲ್ಲಿ ನೋಡಿಟ್ಟುಕೊಳ್ಳಿ.